ತಾಯಿಹಕ್ಕಿಯ ಸುಳ್ಳು

ಅಜ್ಜಿಯಿರುವ ಮನೆಯಲ್ಲಿ ಕಥೆಗೆ ಬರವಿಲ್ಲ. ರಾತ್ರಿಯ ಊಟ ಮುಗಿದು ಮಕ್ಕಳು ಆಕೆಯ ಮಗ್ಗುಲಿಗೆ ಸರಿದೊಡನೆ ಮಾತು ಬಲ್ಲ ಪ್ರಾಣಿಪಕ್ಷಿಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಕನ್ನಡನಾಡಿನ ಮನೆಗಳಿಗೆ ಕಾಗಕ್ಕ ಗುಬ್ಬಕ್ಕರು ಬರುತ್ತಾರೆ. ಪುಣ್ಯಕೋಟಿಯೆಂಬ ಹಸುವೂ ಹಸಿದ ಹುಲಿಯೂ ಬರುತ್ತವೆ. ದೂರದ ಮಣಿಪುರದಲ್ಲಿ ಇಂಥ ಕಥೆಗಳಿಗೆ ‘ಫುಂಗಾ ವಾರಿ’ ಎಂದು ಹೆಸರು. ಫುಂಗಾ ಎಂದರೆ ಒಲೆ, ವಾರಿ ಎಂದರೆ ಕಥೆ. ಚಳಿಯ ಇರುಳಿನಲ್ಲಿ ಒಲೆಯ ಸುತ್ತ ಕುಳಿತ ಮಕ್ಕಳಿಗೆ ಹಿರಿಯರು ಹೇಳುತ್ತ ಬಂದ ಕಥೆಗಳು ಅವು.

ಆ ಒಲೆಗಥೆಗಳಲ್ಲಿ ಪೆಬೆತ್ ಎಂಬ ಪುಟ್ಟ ಹಕ್ಕಿಯದೊಂದು. ಪೆಬೆತ್ ಗೂಡು ಕಟ್ಟಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಗೂಡಿನ ಬಳಿ ಬೆಕ್ಕೊಂದು ಸುಳಿಯುತ್ತದೆ. ತಾನು ನೋಡಲು ಹೇಗಿದ್ದೇನೆಂದು ಬೆಕ್ಕು ಕೇಳುತ್ತದೆ. ಮರಿಗಳಿಗಿನ್ನೂ ರೆಕ್ಕೆ ಬಲಿತಿಲ್ಲ. ತಾಯಿಹಕ್ಕಿ ಏನು ತಾನೆ ಹೇಳೀತು? ನಿನ್ನಂಥ ಚೆಲುವರು ಮೂರು ಲೋಕದಲ್ಲಿಲ್ಲವೆಂದು ಹೊಗಳುತ್ತದೆ. ಬೆಕ್ಕು ಉಬ್ಬಿಹೋಗುತ್ತದೆ, ಹೊಗಳಿಕೆಯ ಸುಖದಲ್ಲಿ ಹಸಿವನ್ನು ಮರೆತು ಹಿಂದಿರುಗುತ್ತದೆ. ಹೀಗೆ ದಿನಗಳು ಉರುಳುತ್ತವೆ. ಮರಿಗಳ ರೆಕ್ಕೆ ಬಲಿತ ದಿನ ತಾಯಿ ಮನಸ್ಸಿನಲ್ಲಿದ್ದ ಮಾತನ್ನು ಆಡಿಬಿಡುತ್ತದೆ: ನಿನ್ನಷ್ಟು ಕುರೂಪಿ ಇನ್ನೊಬ್ಬರಿಲ್ಲ! ಬೆಕ್ಕು ಎರಗುತ್ತದೆ; ಮರಿಗಳು ಹಾರುತ್ತವೆ. ಆದರೆ ಎಲ್ಲಕ್ಕೂ ಕಿರಿಯದು ಸಿಕ್ಕಿಬೀಳುತ್ತದೆ. ಆಗ ತಾಯಿ ಮತ್ತೊಮ್ಮೆ ಮಾತಿನ ಉಪಾಯ ಹೂಡಿ, ಬೆಕ್ಕನ್ನು ಮರುಳುಮಾಡಿ, ಮರಿಯನ್ನು ಬಿಡಿಸಿಕೊಳ್ಳುತ್ತದೆ.

ಕನ್ನಡದ ಮಕ್ಕಳಿಗೆ ಈ ಕಥೆ ಒಂದು ಸಂದಿಗ್ಧವನ್ನೇ ತಂದೊಡ್ಡೀತು. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು. ಸತ್ಯವೇ ಅವಳನ್ನು ಕಾಯಿತು. ಪೆಬೆತ್ ಹಾಗಲ್ಲ. ಅದು ಸುಳ್ಳು ಹೇಳಿತು. ಸುಳ್ಳೇ ಅದರ ಮರಿಗಳನ್ನು ಕಾಯಿತು. ಹುಲಿಗೆ ಅಂತಃಕರಣವಿದ್ದಲ್ಲಿ ಸತ್ಯಕ್ಕೆ ಬೆಲೆಯುಂಟು. ಬೆಕ್ಕಿಗೆ ಅಂತಃಕರಣವಿಲ್ಲದಿದ್ದರೆ? ದುರ್ಬಲನು ಬಲಶಾಲಿಗೆ ಸತ್ಯವನ್ನೇ ಹೇಳಬೇಕೆಂಬ ಋಣವುಂಟೆ? ಎರಡು ನಾಡಿನ ಎರಡು ತಾಯಂದಿರು ಎರಡು ಉತ್ತರ ಕೊಟ್ಟಿದ್ದಾರೆ.

ಈ ಪುಟ್ಟ ಕಥೆಯಿಂದ 1975ರಲ್ಲಿ ಇಂಫಾಲದಲ್ಲಿ ಒಂದು ನಾಟಕ ಹುಟ್ಟಿತು. ಅದರ ಹೆಸರೂ ‘ಪೆಬೆತ್’ ಎಂದೇ. ಅದರಲ್ಲಿ ಮಾತು ಅತ್ಯಲ್ಪ. ಪರದೆಯಿಲ್ಲ, ಅರಮನೆಯ ದೃಶ್ಯವಿಲ್ಲ, ಹಕ್ಕಿಯ ಗರಿಯಿಲ್ಲ, ಬೆಕ್ಕಿನ ಬಾಲವಿಲ್ಲ. ಬರಿಯ ಮೈ, ಬರಿಯ ಉಸಿರು, ಗಂಟಲಿನಿಂದ ಹೊರಡುವ ಕೆಲವು ದನಿಗಳು. ಇಷ್ಟರಿಂದಲೇ ಆದ ಆ ನಾಟಕವು ಭಾರತದ ಆಧುನಿಕ ರಂಗಭೂಮಿಯ ಕಥೆ ಹೇಳುವವರು ಬಿಟ್ಟು ಮುಂದುವರಿಯಲಾಗದ ಕೃತಿಯಾಯಿತು. ಅದನ್ನು ಕಟ್ಟಿದವರು ಹೈಸ್ನಾಂ ಕನ್ಹೈಲಾಲ್. ತಾಯಿಹಕ್ಕಿಯಾದವರು ಅವರ ಪತ್ನಿ ಸಾಬಿತ್ರಿ.

ಕನ್ಹೈಲಾಲರು 1941ರಲ್ಲಿ ಇಂಫಾಲದಲ್ಲಿ ಜನಿಸಿದರು. ನಾಟಕದ ಹುಚ್ಚು ಚಿಕ್ಕಂದಿನದು. ಆ ಹುಚ್ಚೇ ಅವರನ್ನು 1968ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಕೊಂಡೊಯ್ದಿತು. ಅಲ್ಲಿನ ಪಾಠಗಳು ಹಿಂದಿ, ಇಂಗ್ಲಿಷುಗಳಲ್ಲಿ ನಡೆಯುತ್ತಿದ್ದವು. ಕನ್ಹೈಲಾಲರ ನಾಲಗೆಗೆ ಹತ್ತಿದ ಭಾಷೆ ಮೈತೈ. ಭಾರತದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಆ ಭಾಷೆಗೆ ಮಣಿಪುರಿ ಎಂಬ ಹೆಸರಿನಲ್ಲಿ ಸ್ಥಾನ ದೊರೆತದ್ದು 1992ರಲ್ಲಿ, ಕೊಂಕಣಿಯೊಡನೆ. 1968ರಲ್ಲಾದರೋ ಅದು ರಾಜಧಾನಿಯಲ್ಲಿ ಯಾರ ಕಿವಿಗೂ ತಾಗದ ಭಾಷೆ. ಶಿಕ್ಷಣ ಪೂರ್ಣವಾಗುವ ಮೊದಲೇ ಕನ್ಹೈಲಾಲರು ಶಾಲೆಯಿಂದ ಹೊರಬೀಳಬೇಕಾಯಿತು.

ಊರಿನಿಂದ ದೂರ ಹೋಗಿ, ಓದು ಕೈಗೂಡದೆ ಮರಳಿದ ಯುವಕನ ಸ್ಥಿತಿಯನ್ನು ಯಾವ ಮನೆಯವರೂ ಊಹಿಸಬಲ್ಲರು. ಬೀದಿಯವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು; ಅದಕ್ಕಿಂತಲೂ ಕಠಿಣವಾಗಿ ತನಗೆ ತಾನೇ ಉತ್ತರ ಹೇಳಿಕೊಳ್ಳಬೇಕು. ಅಂಥವರಲ್ಲಿ ಕೆಲವರು ನಾಟಕವನ್ನು ಬಿಟ್ಟುಬಿಡುತ್ತಾರೆ. ಕೆಲವರು ಹೊರಗಿಟ್ಟ ಭಾಷೆಯನ್ನೇ ಛಲದಿಂದ ಕಲಿತು ಮರಳಿ ಬಾಗಿಲು ತಟ್ಟುತ್ತಾರೆ. ಕನ್ಹೈಲಾಲರು ಮೂರನೆಯ ದಾರಿ ಹಿಡಿದರು. 1969ರಲ್ಲಿ ಇಂಫಾಲದಲ್ಲಿಯೇ ‘ಕಲಾಕ್ಷೇತ್ರ ಮಣಿಪುರ’ ಎಂಬ ತಂಡವನ್ನು ಕಟ್ಟಿದರು. ಅಲ್ಲಿ ಅವರು ಹುಡುಕಹೊರಟದ್ದು ಮಾತಿಗೂ ಮೊದಲಿನ ನಾಟಕವನ್ನು. ಮಗು ತೊದಲು ನುಡಿಯುವ ಮೊದಲು ಅಳುತ್ತದೆ, ನಗುತ್ತದೆ, ಕೈ ಚಾಚುತ್ತದೆ. ತಾಯಿಗೆ ಎಲ್ಲವೂ ಅರ್ಥವಾಗುತ್ತದೆ. ಅಷ್ಟು ಅರ್ಥ ರಂಗದ ಮೇಲೆ ಸಾಧ್ಯವಾದರೆ ಯಾವ ಭಾಷೆಯ ಅಪ್ಪಣೆಯೂ ಬೇಕಿಲ್ಲ.

ಈ ಹುಡುಕಾಟದಲ್ಲಿ ಅವರಿಗೆ ಒದಗಿದ ಒಬ್ಬ ಹಿರಿಯರೆಂದರೆ ಬಂಗಾಲದ ಬಾದಲ್ ಸರ್ಕಾರ್. ವೃತ್ತಿಯಿಂದ ಪಟ್ಟಣ ಯೋಜನೆಯ ಎಂಜಿನಿಯರಾಗಿದ್ದ ಸರ್ಕಾರರ ‘ಏವಂ ಇಂದ್ರಜಿತ್’ ನಾಟಕವನ್ನು ಇಂಗ್ಲಿಷಿಗೆ ತಂದವರು ಕನ್ನಡದವರೇ ಆದ ಗಿರೀಶ ಕಾರ್ನಾಡರು. ಅದು 1974ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅಷ್ಟರಲ್ಲಿ ಸರ್ಕಾರರು ಪರದೆ, ದೀಪ, ಟಿಕೆಟ್ಟುಗಳ ರಂಗಮಂದಿರವನ್ನೇ ತೊರೆದು, ನಟನ ದೇಹವೊಂದನ್ನೇ ನಂಬಿದ ‘ಮೂರನೆಯ ರಂಗಭೂಮಿ’ಯ ಕಡೆಗೆ ತಿರುಗಿದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ ಅವರು ಇಂಫಾಲದಲ್ಲಿ ನಡೆಸಿದ ಶಿಬಿರವು ಕನ್ಹೈಲಾಲರಿಗೆ ಧೈರ್ಯ ನೀಡಿತು. ಆದರೆ ಕಲಿತದ್ದನ್ನು ಅವರು ಹಾಗೆಯೇ ಒಪ್ಪಿಸಲಿಲ್ಲ. ಸರ್ಕಾರರದು ನಗರದ ರಂಗಭೂಮಿ; ಪ್ರಶ್ನೆ ಕೇಳುವ, ವಾದ ಹೂಡುವ ಬುದ್ಧಿಯ ರಂಗಭೂಮಿ. ಕನ್ಹೈಲಾಲರಿಗೆ ಬೇಕಾದದ್ದು ಬೆಟ್ಟ, ಕೆರೆ, ಗದ್ದೆಗಳ ನಡುವೆ ಬೆಳೆದ ಮೈಗೆ ಸಹಜವಾದ ರಂಗಭೂಮಿ. ಮುಂದೆ ಅವರು ತಮ್ಮ ಕಾರ್ಯವನ್ನು ‘ಭೂಮಿಯ ರಂಗಭೂಮಿ’ ಎಂದೇ ಕರೆದರು.

ಮಣಿಪುರದಲ್ಲಿ ಮೈಯ ಕಲೆಗೇನು ಕೊರತೆ? ಗ್ರಾಮದೇವತೆಗಳನ್ನು ಸಂತೋಷಪಡಿಸುವ ಲಾಯ್ ಹರಾವೋಬಾ ಉತ್ಸವವುಂಟು. ಖಡ್ಗ, ಈಟಿಗಳ ಥಾಂಗ್-ತಾ ವಿದ್ಯೆಯುಂಟು. ಮದ್ದಲೆ ಬಡಿಯುತ್ತ ಕುಣಿಯುವ ಸಂಕೀರ್ತನವುಂಟು. ಜಗತ್ತು ಮೆಚ್ಚಿದ ರಾಸಲೀಲೆಯುಂಟು. ಇವುಗಳಿಂದ ನಾಲ್ಕು ಹೆಜ್ಜೆ, ಎರಡು ಉಡುಪು ಎರವಲು ತಂದು ಹೊಸ ನಾಟಕಕ್ಕೆ ಅಂಟಿಸುವುದು ಸುಲಭ, ನೋಡುವವರಿಗೂ ಸೊಗಸು. ಕನ್ಹೈಲಾಲರು ಆ ಸುಲಭವನ್ನು ಒಪ್ಪಲಿಲ್ಲ. ಹೆಜ್ಜೆಯನ್ನು ಬಿಟ್ಟು ಹೆಜ್ಜೆಯ ಹಿಂದಿನ ಉಸಿರನ್ನು ಹಿಡಿಯಬೇಕೆಂಬುದು ಅವರ ಹಟ.

ಇಲ್ಲಿಯೇ ಅಭ್ಯಾಸದ ಪ್ರಶ್ನೆ ಬರುತ್ತದೆ. ನಟಿಯೊಬ್ಬಳು ಹಕ್ಕಿಯಾಗುವುದೆಂದರೇನು? ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಎರಡು ಕೈ ಬಡಿದರೆ ಹಕ್ಕಿ. ಅದು ಹಕ್ಕಿಯ ಗುರುತು, ಹಕ್ಕಿಯಲ್ಲ. ಹಕ್ಕಿ ಸದಾ ಭಯದಲ್ಲಿ ಬದುಕುವ ಜೀವಿ. ಕಾಳು ಹೆಕ್ಕುವಾಗಲೂ ಅದರ ಕತ್ತು ಅರೆಕ್ಷಣಕ್ಕೊಮ್ಮೆ ತಿರುಗುತ್ತದೆ; ಕುಳಿತಲ್ಲಿಯೂ ಅದರ ಕಾಲು ಹಾರುವುದಕ್ಕೆ ಸಿದ್ಧವಾಗಿರುತ್ತದೆ. ಮನುಷ್ಯನು ನೆಲದ ಮೇಲೆ ತನ್ನ ಭಾರವನ್ನೆಲ್ಲ ಇಳಿಬಿಟ್ಟು ನಿಲ್ಲುತ್ತಾನೆ. ಹಕ್ಕಿ ಭಾರವನ್ನು ಕಾಲಿಗೆ ಪೂರ್ತಿ ಒಪ್ಪಿಸುವುದೇ ಇಲ್ಲ. ಇದನ್ನು ಕಲಿಯಬೇಕಾದ ನಟಿ ಮೊದಲು ಮೊಣಕಾಲನ್ನು ಬಗ್ಗಿಸಿ ಗಂಟೆಗಟ್ಟಲೆ ಕುಕ್ಕರಿಸಬೇಕು. ಬೆನ್ನುಹುರಿಯ ಬುಡದಿಂದ ಕತ್ತಿನವರೆಗೆ ಒಂದೊಂದು ಕೀಲನ್ನೂ ಬೇರೆಬೇರೆಯಾಗಿ ಅರಿಯಬೇಕು. ಉಸಿರನ್ನು ಚಿಕ್ಕದಾಗಿ, ಚುರುಕಾಗಿ ಎಳೆಯಬೇಕು. ಉಸಿರು ಬದಲಾದರೆ ಕಣ್ಣು ಬದಲಾಗುತ್ತದೆ. ಕಣ್ಣು ಬದಲಾದರೆ ಭಯವನ್ನು ಅಭಿನಯಿಸಬೇಕಾಗಿಲ್ಲ, ಅದು ತಾನಾಗಿ ಬಂದು ಕೂರುತ್ತದೆ.

ಸಾಬಿತ್ರಿ ಇದಕ್ಕೆ ತಕ್ಕ ಕಲಾವಿದೆ. 1946ರಲ್ಲಿ ಜನಿಸಿದ ಅವರು ಬಾಲ್ಯದಿಂದಲೇ ರಂಗದ ಮೇಲಿದ್ದವರು. ಸಂಭಾಷಣೆ, ಹಾಡು, ಅಳು, ನಗು ಎಲ್ಲವನ್ನೂ ಬಲ್ಲವರು. ಪತಿಯ ಹೊಸ ದಾರಿಯಲ್ಲಿ ಆ ಗಳಿಕೆಯನ್ನೆಲ್ಲ ಒಮ್ಮೆ ಕೆಳಗಿಳಿಸಬೇಕಾಯಿತು. ಜನ ಮೆಚ್ಚಿದ ವಿದ್ಯೆಯನ್ನು ಬಿಟ್ಟು ಮೊದಲಿನಿಂದ ಕುಕ್ಕರಿಸಿ ಕೂರುವುದು ಸಣ್ಣ ತ್ಯಾಗವಲ್ಲ. ದಂಪತಿಗಳಲ್ಲಿ ಒಬ್ಬರು ಕನಸು ಕಾಣುತ್ತಾರೆ, ಇನ್ನೊಬ್ಬರು ಅದಕ್ಕೆ ಮೈಯಾಗುತ್ತಾರೆ ಎಂದು ದೂರದಿಂದ ನೋಡುವವರಿಗೆ ತೋರಬಹುದು. ಆದರೆ ಮೈ ಕಂಡುಹಿಡಿದದ್ದನ್ನು ನೋಡಿಯೇ ನಿರ್ದೇಶಕನ ಕನಸು ಮುಂದಿನ ಹೆಜ್ಜೆ ಇಡಬೇಕಾದ ಬಗೆಯ ನಾಟಕವಿದು. ಇಲ್ಲಿ ಬರೆದುಕೊಟ್ಟ ಪುಟವಿಲ್ಲ, ನಟಿಯೇ ಪುಟ.

ನಾಟಕದಲ್ಲಿ ತಾಯಿ ಪೆಬೆತ್ತಿನ ಸುತ್ತ ಮರಿಗಳು ಗುಂಪುಗೂಡುತ್ತವೆ. ತಾಯಿ ಕರೆದರೆ ಅವು ಓಗೊಡುತ್ತವೆ. ತಾಯಿ ನಡುಗಿದರೆ ಆ ನಡುಕ ಸಾಲಿನ ಕೊನೆಯ ಮರಿಯವರೆಗೆ ಹರಿಯುತ್ತದೆ. ಇಷ್ಟು ಒಲೆಗಥೆಯದೇ. ಆದರೆ ಕಥೆಯಲ್ಲಿಲ್ಲದ ಒಂದು ಭಾಗವನ್ನು ಕನ್ಹೈಲಾಲರು ನಡುವೆ ಸೇರಿಸಿದರು. ಅದು ತಾಯಿಯ ದುಃಸ್ವಪ್ನ. ಅದರಲ್ಲಿ ಬೆಕ್ಕು ಮರಿಗಳನ್ನು ತಿನ್ನುವುದಿಲ್ಲ. ಅವುಗಳಿಗೆ ಪಾಠ ಹೇಳುತ್ತದೆ! ತನ್ನ ನಡೆ, ತನ್ನ ನುಡಿ, ತನ್ನ ಭಕ್ತಿಯನ್ನು ಅವುಗಳಿಗೆ ಕಲಿಸುತ್ತದೆ. ಕಲಿತ ಮರಿಗಳು ತಮ್ಮ ತಮ್ಮಲ್ಲಿ ಒಡೆಯುತ್ತವೆ. ಕಡೆಗೆ ಹೆತ್ತ ತಾಯಿಯ ಮೇಲೆಯೇ ತಿರುಗಿಬೀಳುತ್ತವೆ.

ತಿನ್ನುವ ಬೆಕ್ಕಿಗಿಂತ ಕಲಿಸುವ ಬೆಕ್ಕು ಭಯಂಕರ. ತಿಂದದ್ದು ಒಂದು ಮರಿಯ ನಷ್ಟ. ಕಲಿಸಿದ್ದು ಗೂಡಿನ ನಷ್ಟ. ಇಂಫಾಲದ ಪ್ರೇಕ್ಷಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಬೆಕ್ಕಿನ ರೂಪದಲ್ಲಿ ವೈಷ್ಣವ ಸಂನ್ಯಾಸಿಯ ಛಾಯೆಯಿದ್ದಿತು. 18ನೆಯ ಶತಮಾನದಲ್ಲಿ ಮಣಿಪುರದ ಅರಸನು ವೈಷ್ಣವ ಮತವನ್ನು ಸ್ವೀಕರಿಸಿ ಅದನ್ನು ರಾಜ್ಯದ ಧರ್ಮವಾಗಿಸಿದಾಗ ಮೈತೈ ಜನರ ಹಳೆಯ ಪವಿತ್ರ ಗ್ರಂಥಗಳು ಬೆಂಕಿಗೆ ಆಹುತಿಯಾದ ನೆನಪು ಆ ನಾಡಿನಲ್ಲಿ ಇನ್ನೂ ಆರಿಲ್ಲ. ಸಾಲದೆಂಬಂತೆ ಅರಸೊತ್ತಿಗೆ ಹೋಯಿತು. 1949ರಲ್ಲಿ ನಾಡು ಭಾರತದಲ್ಲಿ ವಿಲೀನವಾಯಿತು. ಬಳಿಕ ಬಂಡಾಯ, ಸೇನೆ, 1958ರ ವಿಶೇಷಾಧಿಕಾರದ ಕಾಯಿದೆ ಒಂದರ ಹಿಂದೊಂದು ಬಂದವು. ಬೆಕ್ಕು ಯಾರು ಎಂದು ಕೇಳಿದರೆ ಒಬ್ಬೊಬ್ಬ ಪ್ರೇಕ್ಷಕನೂ ಒಂದೊಂದು ಹೆಸರು ಹೇಳಬಹುದಾಗಿತ್ತು. ನಾಟಕ ಮಾತ್ರ ಯಾವ ಹೆಸರನ್ನೂ ಹೇಳಲಿಲ್ಲ. ಮಾತಿಲ್ಲದ ನಾಟಕದ ಲಾಭವೇ ಅದು: ಅದರ ಮೇಲೆ ಮೊಕದ್ದಮೆ ಹೂಡುವುದು ಕಷ್ಟ.

ಇದಕ್ಕೆ ಆಕ್ಷೇಪವೂ ಇಲ್ಲದಿಲ್ಲ. ಮೂರು ಶತಮಾನಗಳಿಂದ ಜನ ಒಲಿದು ಹಾಡಿದ ಸಂಕೀರ್ತನವನ್ನೂ ಕಣ್ತುಂಬಿಕೊಂಡ ರಾಸಲೀಲೆಯನ್ನೂ ಬೆಕ್ಕಿನ ಪಾಠವೆಂದು ತಳ್ಳಿಹಾಕಲಾದೀತೆ? ಹೊರಗಿನಿಂದ ಬಂದದ್ದೂ ಕಾಲಕ್ರಮದಲ್ಲಿ ಒಳಗಿನದಾಗುವುದುಂಟು. ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಟಕವು ಇತಿಹಾಸದ ತೀರ್ಪಲ್ಲ. ಒಬ್ಬ ತಾಯಿಯ ಕೆಟ್ಟ ಕನಸು. ಕನಸಿನಲ್ಲಿ ಭಯವು ತೂಕದ ಬಟ್ಟನ್ನು ಹಿಡಿದುಕೊಂಡು ಬರುವುದಿಲ್ಲ.

ಕೊನೆಯಲ್ಲಿ ಕನಸು ಹರಿಯುತ್ತದೆ. ಒಲೆಗಥೆಯ ತಾಯಿ ಮರಳಿ ಬಂದು, ಉಪಾಯದಿಂದ ಕಿರಿಯ ಮರಿಯನ್ನು ಬಿಡಿಸಿಕೊಳ್ಳುತ್ತಾಳೆ. ಸಾಬಿತ್ರಿ ದಶಕಗಳ ಕಾಲ ಆ ತಾಯಿಯಾದರು. ವಯಸ್ಸು ಅರವತ್ತು ದಾಟಿದ ಮೇಲೂ ಅವರ ಪೆಬೆತ್ ರಂಗದ ಮೇಲೆ ಕುಪ್ಪಳಿಸಿತು.

ಈ ವಿದ್ಯೆ ನುರಿತ ನಟರಿಗೆ ಮಾತ್ರ ಮೀಸಲೇ ಎಂಬ ಸಂಶಯಕ್ಕೆ ಕನ್ಹೈಲಾಲರು 1978ರಲ್ಲಿ ಉತ್ತರ ಕೊಟ್ಟರು. ಇಂಫಾಲದಲ್ಲಿ ಹೆಂಗಸರೇ ವ್ಯಾಪಾರ ಮಾಡುವ ದೊಡ್ಡ ಪೇಟೆಯೊಂದುಂಟು. ತಾಯಂದಿರ ಪೇಟೆ ಎಂದೇ ಅದರ ಖ್ಯಾತಿ. 1939ರಲ್ಲಿ ನಾಡಿನ ಅಕ್ಕಿ ಹೊರಗೆ ಸಾಗಿ ಮನೆಗಳಲ್ಲಿ ಒಲೆ ಉರಿಯದಂತಾದಾಗ ಬೀದಿಗಿಳಿದು ಸರ್ಕಾರವನ್ನು ತಡೆದವರು ಅಲ್ಲಿನ ಹೆಂಗಸರು. ‘ನುಪಿ ಲಾನ್’ ಎಂದರೆ ಹೆಂಗಸರ ಸಮರ. ಅದೇ ಹೆಸರಿನಲ್ಲಿ ಆ ಚರಿತ್ರೆಯನ್ನು ನಾಟಕವಾಗಿಸಿದಾಗ ಕನ್ಹೈಲಾಲರು ನಟಿಯರನ್ನು ಹುಡುಕಿ ಬೇರೆಲ್ಲಿಗೂ ಹೋಗಲಿಲ್ಲ. ಪೇಟೆಯ ಹೆಂಗಸರನ್ನೇ ರಂಗಕ್ಕೆ ಕರೆತಂದರು. ಬುಟ್ಟಿ ಹೊತ್ತು ನುರಿತ ಕತ್ತು, ಗಿರಾಕಿಯನ್ನು ಕೂಗಿ ಕರೆದು ಪಳಗಿದ ಗಂಟಲು, ಇಡೀ ದಿನ ಕುಳಿತು ಗಟ್ಟಿಯಾದ ಬೆನ್ನು: ಇವೂ ಒಂದು ಶಿಕ್ಷಣವಲ್ಲವೆ?

ಮೈಯನ್ನು ನಂಬಿದ ಈ ರಂಗಭೂಮಿ ತನ್ನ ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸಿದ್ದು 2000ದಲ್ಲಿ. ಮಹಾಶ್ವೇತಾ ದೇವಿಯವರ ಬಂಗಾಲಿ ಕಥೆ ‘ದ್ರೌಪದಿ’ಯನ್ನು ಕನ್ಹೈಲಾಲರು ಆ ವರ್ಷ ರಂಗಕ್ಕೆ ತಂದರು. ಅದರ ನಾಯಕಿ ಸಂತಾಲ ಬುಡಕಟ್ಟಿನ ಬಂಡಾಯಗಾರ್ತಿ. ಸೇನೆಯ ಕೈಗೆ ಸಿಕ್ಕು, ಇರುಳೆಲ್ಲ ಅತ್ಯಾಚಾರಕ್ಕೊಳಗಾದ ಅವಳಿಗೆ ಬೆಳಿಗ್ಗೆ ಬಟ್ಟೆ ಕೊಟ್ಟು ಅಧಿಕಾರಿಯ ಎದುರಿಗೆ ಬರಹೇಳುತ್ತಾರೆ. ಅವಳು ಬಟ್ಟೆಯನ್ನು ನಿರಾಕರಿಸಿ, ಗಾಯಗೊಂಡ ಬರಿಮೈಯಲ್ಲೇ ನಡೆದು ಅವನ ಮುಂದೆ ನಿಲ್ಲುತ್ತಾಳೆ. ಆಯುಧವಿಲ್ಲದ ಹೆಣ್ಣಿನ ಎದುರಿನಲ್ಲಿ ಆ ಅಧಿಕಾರಿ ಮೊದಲ ಬಾರಿಗೆ ಹೆದರುತ್ತಾನೆ. ಮಹಾಭಾರತದ ದ್ರೌಪದಿಗೆ ಸೀರೆ ಕೊಡಲು ಕೃಷ್ಣನಿದ್ದ. ಇವಳಿಗೆ ಯಾರೂ ಇಲ್ಲ, ಅವಳಿಗೆ ಸೀರೆ ಬೇಕಾಗಿಯೂ ಇಲ್ಲ. ನಾಚಬೇಕಾದವರು ತಾನಲ್ಲವೆಂದು ಅವಳು ಬಲ್ಲಳು.

ಆ ಕೊನೆಯ ದೃಶ್ಯದಲ್ಲಿ ಸಾಬಿತ್ರಿ ಕಥೆಯನ್ನು ಕಥೆಯಂತೆಯೇ ನಡೆಸಿದರು. ಆಗ ಅವರಿಗೆ ಐವತ್ನಾಲ್ಕು ವರ್ಷ. ಬೆಳೆದ ಮಗನ ತಾಯಿ, ಊರೆಲ್ಲ ಗೌರವಿಸುವ ಗೃಹಿಣಿ. ಇಂಫಾಲದಲ್ಲಿ ದೊಡ್ಡ ಕೋಲಾಹಲವೆದ್ದಿತು. ಪ್ರಯೋಗಗಳು ಅಲ್ಲಿ ಬೇಗನೆ ನಿಂತುಹೋದವು. ಮರ್ಯಾದಸ್ಥ ಕುಟುಂಬದ ಹೆಣ್ಣು ಹೀಗೆ ಮಾಡಬಹುದೆ ಎಂದು ಕೇಳಿದವರೆಲ್ಲ ದುಷ್ಟರಾಗಿರಲಿಲ್ಲ. ಈ ಸಾಲುಗಳನ್ನು ಓದುವ ಮನೆಗಳಲ್ಲಿಯೂ ಅದೇ ಪ್ರಶ್ನೆ ಏಳಬಹುದು, ಏಳುವುದು ಸಹಜ. ಆದರೆ ಮರ್ಯಾದೆಯನ್ನು ಕಳೆದವರು ಯಾರು, ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಯಾರು ಎಂಬ ಇನ್ನೊಂದು ಪ್ರಶ್ನೆಯೂ ಅದರ ಬೆನ್ನಿಗೇ ಇದೆ.

ನಾಲ್ಕು ವರ್ಷಗಳ ನಂತರ ಆ ಎರಡನೆಯ ಪ್ರಶ್ನೆ ರಂಗದಿಂದ ಬೀದಿಗೆ ಇಳಿಯಿತು. 2004ರ ಜುಲೈನಲ್ಲಿ, ಅರೆಸೈನಿಕ ಪಡೆಯವರು ರಾತ್ರಿ ಮನೆಯಿಂದ ಕರೆದೊಯ್ದ ತರುಣಿಯೊಬ್ಬಳು ಶವವಾಗಿ ಸಿಕ್ಕಳು. ಜುಲೈ 15ರಂದು, ಮಕ್ಕಳು ಮರಿಗಳಿದ್ದ ಹನ್ನೆರಡು ಮಂದಿ ಹೆಂಗಸರು, ಅರೆಸೈನಿಕ ಪಡೆ ಆಗ ಬೀಡುಬಿಟ್ಟಿದ್ದ ಕಾಂಗ್ಲಾ ಕೋಟೆಯ ಬಾಗಿಲಿನ ಮುಂದೆ ಬಟ್ಟೆ ಕಳಚಿ ನಿಂತು ಪ್ರತಿಭಟಿಸಿದರು. ದೇಶವೇ ತತ್ತರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಇಂಫಾಲ ನಗರದ ಪ್ರದೇಶದಿಂದ ವಿಶೇಷಾಧಿಕಾರದ ಕಾಯಿದೆಯನ್ನು ತೆಗೆಯಲಾಯಿತು. ನವೆಂಬರಿನಲ್ಲಿ ಪಡೆ ಕಾಂಗ್ಲಾವನ್ನು ತೆರವು ಮಾಡಿತು.

ನಾಟಕವೇ ಈ ಪ್ರತಿಭಟನೆಗೆ ದಾರಿ ತೋರಿತೆಂದು ಹೇಳುವವರುಂಟು. ಹಾಗೆ ಹೇಳುವುದು ಆ ಹನ್ನೆರಡು ತಾಯಂದಿರಿಗೆ ಸಲ್ಲಬೇಕಾದ ಗೌರವವನ್ನು ಕಸಿದಂತೆ. ಅವರ ಸಂಕಟಕ್ಕೆ ನಾಟಕದ ಪಾಠ ಬೇಕಿರಲಿಲ್ಲ. ಒಂದೇ ಮಣ್ಣಿನಲ್ಲಿ, ಒಂದೇ ಕಾಲದಲ್ಲಿ, ಮಾತುಗಳೆಲ್ಲ ಸೋತ ಬಳಿಕ ಉಳಿದದ್ದು ಮೈಯೊಂದೇ ಎಂಬ ಸತ್ಯಕ್ಕೆ ನಟಿಯೂ ತಾಯಂದಿರೂ ಬೇರೆಬೇರೆ ದಾರಿಯಿಂದ ತಲುಪಿದರೆನ್ನುವುದು ಮೇಲು. ನಟಿಗೆ ದೃಶ್ಯ ಮುಗಿದ ಮೇಲೆ ಬಟ್ಟೆ ಕಾದಿತ್ತು. ಆ ತಾಯಂದಿರಿಗೆ ದೃಶ್ಯ ಮುಗಿಯಲೇ ಇಲ್ಲ.

ಭಾಷೆ ಸಾಲದೆಂದು ಹೊರಬಿದ್ದ ಯುವಕನನ್ನು ಮುಂದೆ ದೆಹಲಿಯೇ ಕರೆದು ಸನ್ಮಾನಿಸಿತು. 2004ರಲ್ಲಿ ಪದ್ಮಶ್ರೀ, 2016ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಕನ್ಹೈಲಾಲರಿಗೆ ದೊರೆತವು. ಸಾಬಿತ್ರಿಯವರಿಗೆ 2008ರಲ್ಲಿ ಪದ್ಮಶ್ರೀ ಬಂದಿತು. 2016ರ ಅಕ್ಟೋಬರ್ 6ರಂದು ಕನ್ಹೈಲಾಲರು ತೀರಿಕೊಂಡರು.

ಅವರ ನಾಟಕ ಕೇಳಿದ ಪ್ರಶ್ನೆಗಳು ತೀರಿಲ್ಲ. 2023ರ ಮೇ ತಿಂಗಳಿನಲ್ಲಿ ಮಣಿಪುರದಲ್ಲಿ ಕಣಿವೆಯ ಮೈತೈಯರಿಗೂ ಬೆಟ್ಟದ ಕುಕಿ ಜನರಿಗೂ ನಡುವೆ ಬೆಂಕಿ ಹೊತ್ತಿತು. ನೆರೆಹೊರೆಯವರಾಗಿದ್ದವರು ಒಬ್ಬರ ಮನೆಯನ್ನೊಬ್ಬರು ಸುಟ್ಟರು. ಎರಡು ಕಡೆಯ ಸಹಸ್ರಾರು ಸಂಸಾರಗಳು ಶಿಬಿರಗಳಲ್ಲಿ ದಿನ ನೂಕಿದವು. ಆ ದಿನಗಳಲ್ಲಿ ಹೆಂಗಸರ ಬಟ್ಟೆಯನ್ನು ಬಲವಂತದಿಂದ ಕಳಚಿ ಮೆರವಣಿಗೆ ಮಾಡಿದ ಸುದ್ದಿಯೂ ಬಂತು. ಪೆಬೆತ್ತಿನ ದುಃಸ್ವಪ್ನದಲ್ಲಿ ಒಂದು ಗೂಡಿನ ಮರಿಗಳು ಒಂದನ್ನೊಂದು ಕುಕ್ಕಿದ್ದವಷ್ಟೆ? ಈಗ ಆ ನಾಟಕವನ್ನು ನೋಡುವವರಿಗೆ ಬೆಕ್ಕು ಯಾರೆಂದು ಹೇಳುವುದು 1975ಕ್ಕಿಂತಲೂ ಕಷ್ಟ. ತನ್ನ ಗೂಡಿನಲ್ಲಿ ನಡುಗುವ ಹಕ್ಕಿಯೇ ನೆರೆಯ ಗೂಡಿನ ಮುಂದೆ ಬೆಕ್ಕಾಗಿ ನಿಲ್ಲಬಹುದೆಂಬುದನ್ನು ಒಲೆಗಥೆ ಹೇಳಿರಲಿಲ್ಲ.

ಆದರೂ ಒಲೆಗಥೆಯ ತಾಯಿ ಒಂದು ಮಾತು ಕಲಿಸಿದ್ದಾಳೆ. ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಅವಳು ಸುಳ್ಳಾಡಿದಳು. ಬಲಿತ ದಿನ ಒಂದು ಗಳಿಗೆಯೂ ತಡಮಾಡದೆ ನಿಜವನ್ನಾಡಿದಳು. ಸುಳ್ಳು ಅವಳಿಗೆ ವಾಸಸ್ಥಾನವಾಗಿರಲಿಲ್ಲ, ಮಳೆ ನಿಲ್ಲುವವರೆಗಿನ ಮರೆಯಾಗಿತ್ತು. ಪುಣ್ಯಕೋಟಿಯ ಸತ್ಯಕ್ಕೂ ಪೆಬೆತ್ತಿನ ಸುಳ್ಳಿಗೂ ಅಷ್ಟೇನೂ ದೂರವಿಲ್ಲ. ಎರಡರ ಕೊನೆಯಲ್ಲಿಯೂ ಒಂದು ಎಳೆಯ ಮರಿಯಿದೆ. ಅದರ ಕಡೆಗೆ ಓಡುವ ತಾಯಿಯಿದ್ದಾಳೆ.